ಮಿನುಗುವ ದೀಪದ ಪಾಠ

ಇಟಲಿಯ ಇವ್ರೇಯಾ ಪಟ್ಟಣದಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗೆಂದು ರೂಪುಗೊಂಡ ಆರ್ಡುಯಿನೋ ಫಲಕವು ಅಂಗೈಯಗಲದ ವಸ್ತು. ಅದರ 2010ರ ಮಾದರಿಯಾದ ‘ಊನೋ’ದಲ್ಲಿರುವ ಚಿಪ್ಪು ಸೆಕೆಂಡಿಗೆ 1 ಕೋಟಿ 60 ಲಕ್ಷ ಬಾರಿ ಮಿಡಿಯುತ್ತದೆ. ಅದಕ್ಕೆ ನಾವು ಕಲಿಸುವ ಮೊದಲ ಕೆಲಸವೋ, ದೀಪವೊಂದನ್ನು ಮಿನುಗಿಸುವುದು!

ನಾವು ಬರೆಯುವ ಪ್ರೋಗ್ರಾಮಿಗೆ ಎರಡು ಭಾಗಗಳುಂಟು. ‘ಸೆಟಪ್’ ಎಂಬುದು ವಿದ್ಯುತ್ತು ಹರಿದೊಡನೆ ಒಮ್ಮೆ ಮಾತ್ರ ನಡೆಯುತ್ತದೆ. ‘ಲೂಪ್’ ಎಂಬುದು ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ: 13ನೆಯ ಪಿನ್ನಿನ ದೀಪವನ್ನು ಹೊತ್ತಿಸು, 1000 ಮಿಲಿಸೆಕೆಂಡು ತಡೆ, ಆರಿಸು, ಮತ್ತೆ ಅಷ್ಟೇ ತಡೆ.

ಇಷ್ಟಕ್ಕೇ ಹಿಗ್ಗಿದ ನಾವು, ಒತ್ತಿದರೆ ಮಿನುಗು ನಿಲ್ಲಲೆಂದು ಗುಂಡಿಯೊಂದನ್ನು ಜೋಡಿಸಿದೆವು. ಒತ್ತಿದೆವು, ದೀಪವು ಮಿನುಗುತ್ತಲೇ ಇದ್ದಿತು. ತಂತಿಯನ್ನು ಬದಲಾಯಿಸಿದೆವು, ಗುಂಡಿಯನ್ನೂ ಬದಲಾಯಿಸಿದೆವು. ತಪ್ಪು ನಮ್ಮದೇ! ‘ಡಿಲೇ’ ಎಂಬ ತಡೆಯಾಜ್ಞೆ ಮುಗಿಯುವವರೆಗೆ ಯಂತ್ರವು ಮುಂದಿನ ಸಾಲಿಗೆ ಬರುವುದಿಲ್ಲ. ಗುಂಡಿಯನ್ನು ಗಮನಿಸುವ ಸಾಲಿನ ಸರದಿ ಬರುವಷ್ಟರಲ್ಲಿ ನಮ್ಮ ಬೆರಳು ಮೇಲೆದ್ದಿರುತ್ತದೆ. ಅದು ತಿರುಗುವ ಮೋಟಾರನ್ನು ನಿಲ್ಲಿಸುವ ಗುಂಡಿಯಾಗಿದ್ದರೆ?

ಅನ್ನಕ್ಕಿಟ್ಟವರು ಒಲೆಯ ಮುಂದೆ ಕಣ್ಣುಮುಚ್ಚಿ ನಿಲ್ಲುತ್ತಾರೆಯೇ? ಗಡಿಯಾರ ನೋಡಿಕೊಂಡು ತರಕಾರಿ ಹೆಚ್ಚುತ್ತಾರೆ. ಫಲಕಕ್ಕೂ ‘ಮಿಲಿಸ್’ ಎಂಬ ಗಡಿಯಾರವುಂಟು. ದೀಪ ಹೊತ್ತಿಸಿದ ಕ್ಷಣವನ್ನು ಗುರುತಿಟ್ಟು, ಈಗಿನ ಕ್ಷಣದಿಂದ ಅದನ್ನು ಕಳೆದು, 1000 ತುಂಬಿತೇ ಎಂದು ಪ್ರತಿ ಸುತ್ತಿನಲ್ಲೂ ಕೇಳಿದರಾಯಿತು. ನಡುವೆ ಗುಂಡಿಯನ್ನು ನೋಡಲು ಬೇಕಾದಷ್ಟು ಬಿಡುವಿರುತ್ತದೆ. ಸುಮಾರು 50 ದಿನಗಳಿಗೊಮ್ಮೆ ಈ ಗಡಿಯಾರ ಸೊನ್ನೆಗೆ ಮರಳುತ್ತದೆ. ಋಣಚಿಹ್ನೆಯಿಲ್ಲದ 32 ಬಿಟ್ಟಿನ ಸಂಖ್ಯೆಗಳಲ್ಲಿ ಕಳೆದರೆ ಆಗಲೂ ಉತ್ತರ ಸರಿಯಾಗಿಯೇ ಬರುತ್ತದೆ.