ಬೀಡಿ ಬಿಡುವುದೂ ಬೇಕು, ಗುಳಿಗೆಯೂ ಬೇಕು

ರಕ್ತದ ಏರೊತ್ತಡವು ಮುದುಕರ ಕಾಯಿಲೆ ಎಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ಮೂವತ್ತರ ಆಸುಪಾಸಿನ ದುಡಿಯುವ ಗಂಡಸರಲ್ಲಿಯೂ, ಮಕ್ಕಳನ್ನು ಹೆರುವ ವಯಸ್ಸಿನ ಸ್ತ್ರೀಯರಲ್ಲಿಯೂ ಇದು ಕಂಡುಬರುತ್ತದೆ. ಇದಕ್ಕೆ ನೋವಿಲ್ಲ, ಜ್ವರವಿಲ್ಲ; ಗದ್ದೆಯ ಕೆಲಸವೂ ನಿಲ್ಲುವುದಿಲ್ಲ. ಆದುದರಿಂದಲೇ ಅನೇಕರು ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ. ಏರೊತ್ತಡವುಳ್ಳವರು ಧೂಮಪಾನವನ್ನೂ ಮಾಡುತ್ತಿದ್ದರೆ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಬಹಳವಾಗಿ ಹೆಚ್ಚುತ್ತದೆ.

ಹೊಗೆ ಏನು ಮಾಡುತ್ತದೆ?

ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ರಕ್ತನಾಳಗಳನ್ನು ಸಂಕುಚಿತಗೊಳಿಸಿ, ಹೃದಯದ ಬಡಿತವನ್ನು ಹೆಚ್ಚಿಸುತ್ತದೆ. ಒಂದೊಂದು ಬೀಡಿ ಸೇದಿದಾಗಲೂ ಒತ್ತಡ ಸ್ವಲ್ಪ ಹೊತ್ತು ಏರುತ್ತದೆ. ಹೊಗೆಯಲ್ಲಿರುವ ವಿಷಾನಿಲವು ರಕ್ತ ಒಯ್ಯಬೇಕಾದ ಪ್ರಾಣವಾಯುವನ್ನು ಕುಗ್ಗಿಸುತ್ತದೆ. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆಯಿದ್ದರೂ, ಅದು ಆರದಂತೆ ಮತ್ತೆ ಮತ್ತೆ ಬಲವಾಗಿ ಎಳೆಯಬೇಕಾಗುವುದರಿಂದ ಅದರ ಹಾನಿ ಸಿಗರೇಟಿಗಿಂತ ಕಡಿಮೆಯಲ್ಲ.

ಎರಡು ತಪ್ಪು ಕಲ್ಪನೆಗಳು

“ಬೀಡಿ ಬಿಟ್ಟಿದ್ದೇನೆ, ಇನ್ನು ಗುಳಿಗೆ ಏಕೆ?” ಎಂದು ಕೆಲವರು ಕೇಳುತ್ತಾರೆ. “ಗುಳಿಗೆ ನುಂಗುತ್ತಿದ್ದೇನೆ, ಒಂದೆರಡು ಬೀಡಿಯಿಂದ ಏನಾದೀತು?” ಎನ್ನುವವರೂ ಇದ್ದಾರೆ. ಎರಡೂ ತಪ್ಪು. ಧೂಮಪಾನ ಬಿಟ್ಟ ಮಾತ್ರಕ್ಕೆ ಏರೊತ್ತಡ ಎಲ್ಲರಲ್ಲಿಯೂ ಇಳಿಯುವುದಿಲ್ಲ. ಗುಳಿಗೆಯು ಒತ್ತಡವನ್ನು ಇಳಿಸೀತೇ ಹೊರತು, ಹೊಗೆಯಿಂದ ರಕ್ತನಾಳಗಳಿಗಾಗುವ ಹಾನಿಯನ್ನು ತಡೆಯಲಾರದು. ಬೀಡಿ ಬಿಟ್ಟು ಒಂದು ವರ್ಷವಾಗುವಷ್ಟರಲ್ಲಿ, ಧೂಮಪಾನದಿಂದ ಬಂದ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ.

ಪರೀಕ್ಷೆ ಹೇಗೆ?

ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನು ಉಚಿತವಾಗಿ ಪರೀಕ್ಷಿಸುತ್ತಾರೆ. ಪರೀಕ್ಷೆಗೆ ಅರ್ಧ ಗಂಟೆ ಮೊದಲು ಬೀಡಿ, ಚಹಾ, ಕಾಫಿ ವರ್ಜಿಸಬೇಕು. ಐದು ನಿಮಿಷ ಶಾಂತವಾಗಿ ಕುಳಿತಿರಬೇಕು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಏರೊತ್ತಡವೆಂದು ತಿಳಿಯಬೇಕು. ನಲವತ್ತರೊಳಗಿನವರಲ್ಲಿ ಮೂತ್ರಪಿಂಡದ ದೋಷವೂ ಕಾರಣವಾಗಿರಬಹುದಾದ್ದರಿಂದ, ವೈದ್ಯರು ಸೂಚಿಸಿದ ರಕ್ತ ಹಾಗೂ ಮೂತ್ರ ಪರೀಕ್ಷೆಗಳನ್ನು ತಪ್ಪದೆ ಮಾಡಿಸಬೇಕು. ಹೆಚ್ಚಿನ ಚಿಕಿತ್ಸೆಗೆ ಉಡುಪಿಯ ಜಿಲ್ಲಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗಳಿವೆ.

ಮಗುವನ್ನು ಬಯಸುವ ದಂಪತಿಗಳಿಗೆ

ಸ್ತ್ರೀಯು ಏರೊತ್ತಡಕ್ಕೆ ಗುಳಿಗೆ ಸೇವಿಸುತ್ತಿದ್ದರೆ, ಗರ್ಭ ಧರಿಸುವ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಎನಲಾಪ್ರಿಲ್, ಟೆಲ್ಮಿಸಾರ್ಟನ್ ಮುಂತಾದ ಗುಳಿಗೆಗಳು ಗರ್ಭದಲ್ಲಿರುವ ಶಿಶುವಿಗೆ ಹಾನಿಕರ. ವೈದ್ಯರು ಬೇರೆ ಔಷಧ ಕೊಡುವರು. ಮಗು ಬೇಡವೆನ್ನುವವರೂ ಒಂದು ವಿಷಯ ತಿಳಿದಿರಬೇಕು. ಏರೊತ್ತಡವಿರುವ ಸ್ತ್ರೀಯರಿಗೆ ಮಾಲಾ-ಎನ್‌ನಂತಹ ನುಂಗುವ ಗುಳಿಗೆ ಹಿತವಲ್ಲ. ವಂಕಿ ಅಥವಾ ನಿರೋಧ್ ಸೂಕ್ತ. ಪತಿ ಮನೆಯೊಳಗೆ ಸೇದುವ ಬೀಡಿಯ ಹೊಗೆ ಗರ್ಭಿಣಿಗೂ, ಶಿಶುವಿಗೂ ತಗಲುತ್ತದೆ ಎಂಬುದನ್ನು ಮರೆಯಬಾರದು.

ಬಿಡುವ ಬಗೆ

ಪತಿಪತ್ನಿಯರು ಕುಳಿತು ಒಂದು ದಿನವನ್ನು ಗೊತ್ತುಮಾಡಿ, ಅಂದಿನಿಂದ ಪೂರ್ತಿಯಾಗಿ ಬಿಡುವುದು ಒಳ್ಳೆಯದು. ಪೆರ್ಡೂರಿನ ಸುತ್ತಮುತ್ತ ಬೀಡಿ ಕಟ್ಟಿ ಸಂಸಾರಕ್ಕೆ ನೆರವಾಗುವ ಗೃಹಿಣಿಯರಿದ್ದಾರೆ. ಇಂಥ ಮನೆಯಲ್ಲಿ ಬಿಡುವುದು ಇನ್ನಷ್ಟು ಕಷ್ಟ. ಬ್ರಾಂಚಿಗೆ ಎಣಿಸಿ ಕೊಡಬೇಕಾದ ಬೀಡಿಯನ್ನೂ ಹೊಗೆಸೊಪ್ಪನ್ನೂ ಮುಚ್ಚಿದ ಡಬ್ಬಿಯಲ್ಲಿ, ಮಲಗುವ ಕೋಣೆಯಿಂದ ದೂರ ಇಡಬೇಕು. ಕಟ್ಟಿದ ಬಳಿಕ ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಬೇಕು.

ಮೊದಲ ಮೂರು ದಿನ ಸಿಡುಕು, ತಲೆನೋವು, ನಿದ್ರಾಭಂಗ ಹೆಚ್ಚು. ಕೆಲವು ವಾರಗಳಲ್ಲಿ ಇವು ಇಳಿಯುತ್ತವೆ. ಆಗ ಪತ್ನಿಯ ಸಹನೆಯೂ ಔಷಧವೇ. ಸೇದುವ ಆಸೆ ಕೆಲವೇ ನಿಮಿಷಗಳಲ್ಲಿ ತಗ್ಗುತ್ತದೆ. ಆ ಹೊತ್ತಿಗೆ ನೀರು ಕುಡಿದು ನಾಲ್ಕು ಹೆಜ್ಜೆ ನಡೆಯಬೇಕು. ಮೇಳದ ಆಟ ನೋಡುವ ರಾತ್ರಿ ಚಹಾದೊಡನೆ ಬೀಡಿಯ ನೆನಪು ಬರುವುದು ಸಹಜ. ಸೇದದ ಗೆಳೆಯನೊಡನೆ ಕುಳಿತರೆ ಲೇಸು. ಬೀಡಿಯ ಬದಲು ಎಲೆಯಡಿಕೆಯೊಡನೆ ಹೊಗೆಸೊಪ್ಪು ಜಗಿದರೆ ಬಿಟ್ಟಂತಾಗಲಿಲ್ಲ. ನಿಕೋಟಿನ್ ಚ್ಯೂಯಿಂಗ್ ಗಮ್ ಮೊದಲಾದ ಸಹಾಯಕ ಔಷಧಗಳಿವೆ. ಅವುಗಳಲ್ಲಿ ಕೆಲವು ಒತ್ತಡವನ್ನು ಏರಿಸಬಹುದಾದ್ದರಿಂದ ವೈದ್ಯರನ್ನು ಕೇಳಿಯೇ ಬಳಸಬೇಕು. 1800-11-2356 ಸಂಖ್ಯೆಗೆ ಉಚಿತವಾಗಿ ಕರೆಮಾಡಿಯೂ ಸಲಹೆ ಪಡೆಯಬಹುದು.

ಬೀಡಿ ಬಿಟ್ಟವರಿಗೆ ಹಸಿವು ಹೆಚ್ಚಿ ಮೈತೂಕ ಏರುವುದುಂಟು. ಗೋಳಿಬಜೆಯ ಬದಲು ಪೇರಳೆ, ಸೌತೆಕಾಯಿ ತಿನ್ನಬಹುದು. ಒಬ್ಬರಿಗೆ ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚೆಯಷ್ಟು ಉಪ್ಪು ಸಾಕು. ಗಂಜಿಯೊಡನೆ ಉಣ್ಣುವ ಉಪ್ಪಿನಕಾಯಿ, ಒಣಮೀನು, ಹಪ್ಪಳಗಳ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದು.

ಒತ್ತಡ ಇಳಿಯಿತೆಂದು ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಎದೆನೋವು, ಒಂದು ಬದಿಯ ಕೈಕಾಲು ಸೋಲುವಿಕೆ, ಮಾತು ತೊದಲುವಿಕೆ ಕಂಡೊಡನೆ 108ಕ್ಕೆ ಕರೆಮಾಡಬೇಕು.

ಒಮ್ಮೆ ಬಿಟ್ಟು ಮತ್ತೆ ಸೇದಿದವರು ನಿರಾಶರಾಗಬೇಕಿಲ್ಲ. ಇನ್ನೊಂದು ದಿನ ಗೊತ್ತುಮಾಡಿ ಪುನಃ ಯತ್ನಿಸಬೇಕು. ಗುಳಿಗೆಯ ಹೊತ್ತನ್ನು ಪತ್ನಿ ನೆನಪಿಸಲಿ, ಬೀಡಿಯ ಹಣವನ್ನು ಪತಿ ಅವಳ ಕೈಗೆ ಕೊಡಲಿ. ಸಂಸಾರದ ಕ್ಷೇಮ ಇಬ್ಬರ ಹೊಣೆ.