ಮನೆಯಲ್ಲೇ ಕಾರ್ ಚಾರ್ಜ್ ಮಾಡಿದರೆ ಬಿಲ್ ಎಷ್ಟು ಏರುತ್ತದೆ? ‘ಗೃಹಜ್ಯೋತಿ’ ಇರುವವರು ಮೊದಲೇ ಹಾಕಬೇಕಾದ ಲೆಕ್ಕ

“ಎಲೆಕ್ಟ್ರಿಕ್ ಕಾರ್ ತಗೊಳ್ಳಿ, 200 ಯೂನಿಟ್ ಹೇಗೂ ಫ್ರೀ, ಕಾರ್ ಪುಕ್ಕಟೆ ಓಡುತ್ತೆ” ಎನ್ನುವ ಮಾತು ಒಂದು ಕಡೆ. “ಮೊದಲ ತಿಂಗಳೇ ಹತ್ತು ಸಾವಿರ ಬಿಲ್ ಬರುತ್ತೆ, ಪೆಟ್ರೋಲೇ ವಾಸಿ” ಎನ್ನುವ ಮಾತು ಇನ್ನೊಂದು ಕಡೆ. ಇಂಥ ಫಾರ್ವರ್ಡ್‌ಗಳು ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಎರಡೂ ತಪ್ಪು. ಹಾಗಾದರೆ ಸರಿಯಾದ ಉತ್ತರ ಏನು? ನಿಮ್ಮ ಹಳೆಯ ಕರೆಂಟ್ ಬಿಲ್ ಒಂದನ್ನು ಕೈಯಲ್ಲಿ ಹಿಡಿದುಕೊಳ್ಳಿ, ಲೆಕ್ಕ ಹಾಕೋಣ.

ಒಂದು ಯೂನಿಟ್‌ಗೆ ಎಷ್ಟು?

2025–26ರ ದರದಂತೆ ಕರ್ನಾಟಕದಲ್ಲಿ ಮನೆ ಬಳಕೆಯ ವಿದ್ಯುತ್‌ಗೆ ಯೂನಿಟ್‌ಗೆ 5.80 ರೂ. ಇದರ ಮೇಲೆ ಶೇ. 9 ವಿದ್ಯುತ್ ತೆರಿಗೆ ಮತ್ತು 36 ಪೈಸೆ ಪಿಂಚಣಿ–ಗ್ರಾಚ್ಯುಟಿ ಸರ್‌ಚಾರ್ಜ್ ಸೇರುತ್ತದೆ. ಅಲ್ಲಿಗೆ ಯೂನಿಟ್‌ಗೆ ಸುಮಾರು 6.70 ರೂ. ಆಯಿತು. ಇದಲ್ಲದೆ ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂ. ನಿಗದಿತ ಶುಲ್ಕ ಬೇರೆ ಇದೆ. ಇಂಧನ ಹೊಂದಾಣಿಕೆ ಶುಲ್ಕದಿಂದ ಮೊತ್ತ ಅಲ್ಪಸ್ವಲ್ಪ ಬದಲಾಗಬಹುದು.

ಬ್ಯಾಟರಿಗೆ 30, ಮೀಟರ್‌ನಲ್ಲಿ 34

ಟಾಟಾ ನೆಕ್ಸಾನ್ ಇವಿ 2020ರಲ್ಲಿ ಬಂದಾಗ ಅದರ ಬ್ಯಾಟರಿ ಸುಮಾರು 30 ಯೂನಿಟ್‌ನದ್ದು. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 30 ಯೂನಿಟ್ ತುಂಬಿಸಲು ಮೀಟರ್ 30ಕ್ಕೇ ನಿಲ್ಲುವುದಿಲ್ಲ. ಮೊಬೈಲ್ ಚಾರ್ಜ್‌ಗೆ ಹಾಕಿದಾಗ ಅಡಾಪ್ಟರ್ ಬಿಸಿಯಾಗುವುದನ್ನು ನೋಡಿದ್ದೀರಲ್ಲ? ಗೋಡೆಯಿಂದ ಬರುವ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿಗೆ ಬದಲಿಸುವಾಗ ಕಾರಿನಲ್ಲೂ ಒಂದಷ್ಟು ವಿದ್ಯುತ್ ಹೀಗೆ ಶಾಖವಾಗಿ ಹೋಗುತ್ತದೆ. ಶೇ. 10ರಿಂದ 15ರಷ್ಟು ನಷ್ಟ ಸಾಮಾನ್ಯ. ಆದ್ದರಿಂದ ಮೀಟರ್‌ನಲ್ಲಿ 34 ಯೂನಿಟ್ ಎಂದು ಹಿಡಿಯೋಣ.

34 ಯೂನಿಟ್‌ಗೆ ಸುಮಾರು 228 ರೂ. ಈ ಕಾರಿಗೆ ಪರೀಕ್ಷೆಯಲ್ಲಿ ಸಿಕ್ಕ ಪ್ರಮಾಣಿತ ದೂರ 312 ಕಿ.ಮೀ. ಆದರೂ ನಮ್ಮ ಟ್ರಾಫಿಕ್, ಎಸಿ ಎಲ್ಲ ಸೇರಿ 200 ಎಂದೇ ಇಟ್ಟುಕೊಳ್ಳೋಣ. ಅಂದರೆ ಕಿಲೋಮೀಟರ್‌ಗೆ 1.14 ರೂ. ಲೀಟರ್‌ಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, ಲೀಟರ್ 103 ರೂ. ಎಂದಾದರೆ, ಕಿಲೋಮೀಟರ್‌ಗೆ ಸುಮಾರು 6.90 ರೂ.

ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ 170 ಯೂನಿಟ್, ಸುಮಾರು 1,140 ರೂ. ಅಷ್ಟೇ ದೂರಕ್ಕೆ ಪೆಟ್ರೋಲ್ ಆದರೆ 6,900 ರೂ. ‘ಹತ್ತು ಸಾವಿರ ಬಿಲ್’ ಎನ್ನುವ ಮಾತು ಇಲ್ಲಿಗೇ ಬಿದ್ದುಹೋಯಿತು.

ಗೃಹಜ್ಯೋತಿಯ 201ನೇ ಯೂನಿಟ್

ಇನ್ನು ‘ಪುಕ್ಕಟೆ’ಯ ಮಾತು. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂಬುದೇ ತಪ್ಪು ತಿಳಿವಳಿಕೆ. 2022–23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕಿಂತ ಸ್ವಲ್ಪ ಹೆಚ್ಚಿನ ಮಿತಿಯವರೆಗೆ ಮಾತ್ರ ಉಚಿತ. ಆ ಮಿತಿ ದಾಟಿ 200ರೊಳಗೆ ಇದ್ದರೆ ಹೆಚ್ಚಾದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ಒಂದು ಮನೆಗೆ 120 ಯೂನಿಟ್ ಉಚಿತ, ಬಳಕೆಯೂ ಅಷ್ಟೇ, ಲೋಡ್ 3 ಕಿಲೋವ್ಯಾಟ್ ಎಂದುಕೊಳ್ಳಿ. ಇವತ್ತಿನ ಬಿಲ್ ಸೊನ್ನೆ. ಕಾರಿನ 170 ಯೂನಿಟ್ ಸೇರಿದರೆ ಬಳಕೆ 290 ಆಗುತ್ತದೆ. ಈಗ 290ಕ್ಕೂ ಹಣ, ಮೇಲೆ 435 ರೂ. ನಿಗದಿತ ಶುಲ್ಕ. ಒಟ್ಟು ಸುಮಾರು 2,380 ರೂ. ಕಾರಿನ ಬಾಬ್ತು 1,140 ಮಾತ್ರ ಎಂದುಕೊಂಡಿದ್ದವರಿಗೆ ಅದರ ಎರಡರಷ್ಟು! ಕಿಲೋಮೀಟರ್‌ಗೆ 1.14 ಇದ್ದದ್ದು 2.38 ಆಯಿತು.

ಇದೇ ಮನೆ ಸರಿಯಾಗಿ 200 ಯೂನಿಟ್‌ಗೆ ನಿಂತರೆ ಕಟ್ಟಬೇಕಾದ್ದು ಹೆಚ್ಚುವರಿ 80 ಯೂನಿಟ್‌ನ ಸುಮಾರು 540 ರೂ. ಮಾತ್ರ. ಒಂದೇ ಒಂದು ಯೂನಿಟ್ ಹೆಚ್ಚಾಗಿ 201 ಆದರೆ ಬಿಲ್ 1,780ರ ಆಸುಪಾಸಿಗೆ ಹಾರುತ್ತದೆ. ಇಷ್ಟಾದರೂ ಪೆಟ್ರೋಲ್‌ಗಿಂತ ಖರ್ಚು ಕಡಿಮೆಯೇ. ಆದರೆ ಸಾಲದ ಕಂತು, ಮನೆ ಖರ್ಚು ಎಲ್ಲ ಲೆಕ್ಕ ಹಾಕಿ ಕಾರ್ ಕೊಳ್ಳುವ ಕುಟುಂಬಕ್ಕೆ ತಿಂಗಳಿಗೆ 1,200 ರೂ. ವ್ಯತ್ಯಾಸ ಸಣ್ಣದಲ್ಲ.

ಈಗಾಗಲೇ ತಿಂಗಳಿಗೆ 250 ಯೂನಿಟ್ ಬಳಸಿ ಪೂರ್ತಿ ಬಿಲ್ ಕಟ್ಟುತ್ತಿರುವ ಮನೆಗೆ ಈ ಪೆಟ್ಟು ಇಲ್ಲ. ಅವರಿಗೆ ಏರುವುದು ಕಾರಿನ 1,140 ರೂ. ಅಷ್ಟೇ.

ದಾರಿ ಏನು?

ಕಾರಿಗೆ ಪ್ರತ್ಯೇಕ ಮೀಟರ್ ಹಾಕಿಸಿಕೊಳ್ಳಬಹುದು. ಎಲೆಕ್ಟ್ರಿಕ್ ವಾಹನದ ಚಾರ್ಜಿಂಗ್‌ಗೆ ಗ್ರಾಹಕರು ಬೇರೆ ಸಂಪರ್ಕ ಪಡೆಯಲು 2024ರಲ್ಲಿ ತಿದ್ದುಪಡಿಯಾದ ಕೇಂದ್ರದ ನಿಯಮಗಳಲ್ಲಿ ಅವಕಾಶವಿದೆ. ಆಗ ಮನೆಯ ಮೀಟರ್ 200ರೊಳಗೇ ಉಳಿಯುತ್ತದೆ. ಹೊಸ ಸಂಪರ್ಕಕ್ಕೆ ಠೇವಣಿ, ನಿಗದಿತ ಶುಲ್ಕ ಇರುತ್ತದೆ. ನಿಮ್ಮ ಎಸ್ಕಾಂ ಉಪವಿಭಾಗ ಕಚೇರಿಯಲ್ಲಿ ಕೇಳಿ, ಎರಡನ್ನೂ ತೂಗಿ ನೋಡಿ. ಓಡಾಟ ಕಡಿಮೆ ಇರುವವರು ಬಿಲ್‌ನ ದಿನಾಂಕ ಗಮನಿಸಿ, ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿಕೊಂಡರೂ ಸಾಕು.

ದೊಡ್ಡ ಚಾರ್ಜರ್ ಬೇಕೇ?

7 ಕಿಲೋವ್ಯಾಟ್ ಚಾರ್ಜರ್ ಹಾಕಿಸಲು ಲೋಡ್ ಹೆಚ್ಚಿಸಬೇಕಾಗಬಹುದು. 5 ಕಿಲೋವ್ಯಾಟ್ ಹೆಚ್ಚಿಸಿದರೆ, ಕಾರ್ ಓಡಲಿ ಬಿಡಲಿ, ತಿಂಗಳಿಗೆ 725 ರೂ. ನಿಗದಿತ ಶುಲ್ಕ ಏರುತ್ತದೆ. ಗೀಸರ್‌ಗೆ ಬಳಸುವಂಥ 15–16 ಆಂಪಿಯರ್ ಸಾಕೆಟ್‌ನಲ್ಲೇ ರಾತ್ರಿ ಹತ್ತು ಗಂಟೆಯಲ್ಲಿ 150 ಕಿ.ಮೀ.ಗೆ ಆಗುವಷ್ಟು ಚಾರ್ಜ್ ಆಗುತ್ತದೆ. ದಿನದ ಆಫೀಸ್ ಓಡಾಟಕ್ಕೆ ಇದು ಧಾರಾಳ. ಆದರೆ ಆ ಸಾಕೆಟ್‌ಗೆ ಪ್ರತ್ಯೇಕ ವೈರ್, ಸರಿಯಾದ ಅರ್ಥಿಂಗ್ ಇರಲೇಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಚಾರ್ಜ್ ಮಾಡುವುದು ಬೆಂಕಿಗೆ ಆಹ್ವಾನ.

ಹಾಗಾದರೆ ನಿಜ ಏನು?

ಮನೆಯ ಚಾರ್ಜಿಂಗ್ ಪೆಟ್ರೋಲ್‌ಗಿಂತ ಬಹಳ ಅಗ್ಗ, ಆದರೆ ಪುಕ್ಕಟೆ ಅಲ್ಲ. ನಿಮ್ಮ ಓಡಾಟದ ಕಿಲೋಮೀಟರನ್ನು 6ರಿಂದ ಭಾಗಿಸಿ. ಬಂದ ಯೂನಿಟನ್ನು ಈಗಿನ ಬಳಕೆಗೆ ಕೂಡಿಸಿ. 200 ದಾಟುತ್ತದೆಯೇ ನೋಡಿ. ಮುಂದಿನ ಸಲ ‘ಫ್ರೀ ಕರೆಂಟ್ ಕಾರ್’ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಈ ಲೆಕ್ಕ ಕಳಿಸಿ.