ಚಿತ್ರ ಕೊಡುವ ಮಾತು

ಚುಕ್ಕಿಯಿಟ್ಟು ರಂಗವಲ್ಲಿ ಬರೆಯುವವರಿಗೂ, ಎಳೆಯೆಣಿಸಿ ಕಸೂತಿ ಹಾಕುವವರಿಗೂ ಒಂದು ಸಂಗತಿಯು ಚೆನ್ನಾಗಿ ತಿಳಿದಿರುವುದು: ಸ್ಥಳವು ಅಲ್ಪವಾದಷ್ಟೂ ಒಂದೊಂದು ಚುಕ್ಕಿಯ ಬೆಲೆಯು ಹೆಚ್ಚುವುದು. ಮೊಬೈಲ್ ಫೋನಿನ ಪರದೆಯ ಮೇಲೆ ನಾವು ದಿನವೂ ಮುಟ್ಟುವ ಪುಟ್ಟ ಚಿತ್ರಗಳ ವಿದ್ಯೆಯೂ ಇದೇ ಬಗೆಯದು.

ಬಹುಕಾಲದವರೆಗೆ ಗಣಕಯಂತ್ರವನ್ನು ನಡೆಯಿಸಬೇಕಾದರೆ ಆಜ್ಞೆಗಳನ್ನು ಬಾಯಿಪಾಠ ಮಾಡಿ ಅಕ್ಷರಕ್ಷರವಾಗಿ ಬೆರಳಚ್ಚು ಮಾಡಬೇಕಾಗಿದ್ದಿತು. ಅಮೇರಿಕೆಯ ಜೆರಾಕ್ಸ್ ಸಂಸ್ಥೆಯವರು 1981ರಲ್ಲಿ ಕಚೇರಿಗಳಿಗಾಗಿ ಹೊರತಂದ ‘ಸ್ಟಾರ್’ ಯಂತ್ರದ ಪರದೆಯ ಮೇಲೆ ಕಾಗದ, ಕಡತಗಳ ಚಿತ್ರಗಳನ್ನೇ ಇರಿಸಿದರು. ಈ ಪದ್ಧತಿಯನ್ನು ಸಾಮಾನ್ಯ ಜನರ ಮೇಜಿಗೆ ತಂದುದು 1984ರ ಜನವರಿಯಲ್ಲಿ ಬಂದ ಆಪಲ್ ಸಂಸ್ಥೆಯ ‘ಮ್ಯಾಕಿಂಟಾಶ್’.

ಅದರ ಚಿತ್ರಗಳನ್ನು ರಚಿಸಿದವರು ಸೂಸನ್ ಕೇರ್ ಎಂಬ ಮಹಿಳೆ. ಇವರು ಕಲಿತುದು ಲಲಿತಕಲೆಯನ್ನು, ಯಂತ್ರಶಾಸ್ತ್ರವನ್ನಲ್ಲ. ಚೌಕುಳಿ ಗೆರೆಯ ಪುಸ್ತಕದಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 32, ಅಂತು 1024 ಮನೆಗಳು; ಪ್ರತಿಯೊಂದು ಮನೆಯೂ ಕಪ್ಪು, ಇಲ್ಲವೆ ಬಿಳುಪು. ಇಷ್ಟರೊಳಗೇ ಕಸದ ತೊಟ್ಟಿಯೂ ಮೂಡಬೇಕು, ಯಂತ್ರವನ್ನು ಹೊತ್ತಿಸಿದೊಡನೆ ಸ್ವಾಗತಿಸುವ ನಗುಮೊಗವೂ ಮೂಡಬೇಕು!

ಆದರೆ ಚಿತ್ರವು ಅಂದವಾಗಿದ್ದರೆ ಸಾಲದು. ಕೊಟ್ಟ ಮಾತನ್ನು ನಡೆಯಿಸಬೇಕು. ಬೇಡವಾದ ಕಾಗದವನ್ನು ತೊಟ್ಟಿಗೆ ಹಾಕುವುದು ಯಾರಿಗೂ ತಿಳಿಯುವ ಮಾತು. ಅದೇ ಮ್ಯಾಕಿಂಟಾಶ್‌ನಲ್ಲಿ, ಬರಹಗಳನ್ನು ಕಾದಿಡುವ ಫ್ಲಾಪಿ ತಟ್ಟೆಯನ್ನು ಹೊರತೆಗೆಯಲಿಕ್ಕೂ ಅದರ ಚಿತ್ರವನ್ನು ಕಸದ ತೊಟ್ಟಿಗೇ ಎಳೆದುಹಾಕುವ ಕ್ರಮವಿತ್ತು. ತಟ್ಟೆಯಲ್ಲಿದ್ದುದೆಲ್ಲ ಅಳಿದುಹೋದೀತೆಂದು ಅನೇಕರು ಅಂಜಿದರು. ವಾಸ್ತವದಲ್ಲಿ ಏನೂ ಅಳಿಯುತ್ತಿರಲಿಲ್ಲ. ಆದರೂ ತಪ್ಪು ಅಂಜಿದವರದಲ್ಲ. ಒಂದೇ ಚಿತ್ರಕ್ಕೆ ಎರಡು ವಿರುದ್ಧಾರ್ಥಗಳನ್ನು ಕಟ್ಟಿದವರದು. 2001ರಲ್ಲಿ ಆರಂಭವಾದ ‘ಮ್ಯಾಕ್ ಓಎಸ್ ಟೆನ್’ ಪೀಳಿಗೆಯಲ್ಲಿ ಇದನ್ನು ತಿದ್ದಿದರು. ತಟ್ಟೆಯನ್ನು ಎಳೆಯತೊಡಗಿದೊಡನೆ ತೊಟ್ಟಿಯ ಚಿತ್ರವು ಮರೆಯಾಗಿ, ಹೊರತೆಗೆಯುವ ಗುರುತು ಅಲ್ಲಿ ಕಾಣಿಸಿಕೊಳ್ಳುವುದು.

ಈ ವಿಚಾರವು ಈಗ ನಮ್ಮ ಮನೆಗಳಿಗೂ ಸೇರಿದುದು. ಹಣ ಕಳುಹಿಸುವುದು, ರೈಲಿನ ಟಿಕೆಟು ಕೊಳ್ಳುವುದು, ವಿದ್ಯುತ್ತಿನ ಬಿಲ್ಲು ತೆರುವುದು ಎಲ್ಲವೂ ಫೋನಿನಲ್ಲಿಯೇ ನಡೆಯುತ್ತಿರಲು, ಗುರುತು ಅಸ್ಪಷ್ಟವಾದರೆ ನಷ್ಟವು ಹಣದ್ದು ಮಾತ್ರವಲ್ಲ. ಮನೆಯ ಹಿರಿಯರು ‘ಇದು ನನ್ನ ತಲೆಗೆ ಹತ್ತದು’ ಎಂದು ಫೋನನ್ನು ಕೆಳಗಿಟ್ಟುಬಿಡುವರು. ಅಂದಿನಿಂದ ಪ್ರತಿಯೊಂದಕ್ಕೂ ಮಕ್ಕಳ ಕೈ ಕಾಯುವರು. ಒಳ್ಳೆಯ ಗುರುತು ಅವರ ಸ್ವಾತಂತ್ರ್ಯವನ್ನು ಉಳಿಸುವುದು. ಮುಂದೇನಾಗುವುದೆಂದು ಅದು ಮೊದಲೇ ತಿಳಿಸಬೇಕು, ಕೈ ತಪ್ಪಿದರೆ ಹಿಂದಿರುಗುವ ದಾರಿಯನ್ನೂ ತೋರಿಸಬೇಕು. ಆದುದರಿಂದ ಹಿರಿಯರು ತಡವರಿಸಿದಾಗ ಅವರ ಬುದ್ಧಿಯನ್ನು ಹಳಿಯದೆ, ಆ ಚಿತ್ರವು ಹೇಳುವುದೇನು, ಮಾಡುವುದೇನು ಎಂದು ಮೊದಲು ನೋಡುವುದು ಕಿರಿಯರಿಗೆ ಉಚಿತ.